ಹುಳ ತಿಂದು ಬಿಟ್ಟ ಸೊಪ್ಪು

ಅಥವಾ ಕುದುರೆಯ ಪಕ್ಕೆಲುಬು ಮೊದಲು ಕಂಡದ್ದು ನನಗಲ್ಲವೇನೋ. ಇಷ್ಟು ವರ್ಷ ನಾನು ಹೇಳಿಕೊಂಡು ಬಂದಿರುವುದು ಹೀಗೆ: ಒಂದು ಬೆಳಿಗ್ಗೆ ಮಾಗಡಿಯ ಬಾಡಿಗೆ ಮನೆಯ ಹಿತ್ತಿಲಲ್ಲಿ ಕುದುರೆಯ ಮೈ ಉಜ್ಜುತ್ತಿದ್ದೆ, ಎಲುಬುಗಳು ಒಂದಾದ ಮೇಲೊಂದು ಕೈಗೆ ತಗುಲಿದವು, ನಾನು ಕೈ ತೆಗೆದು ಹಿಂದಕ್ಕೆ ಸರಿದು ನಿಂತೆ. ಕೇಳುವವರಿಗೆ ಇದು ಇಷ್ಟವಾಗುತ್ತದೆ. ಆದರೆ ನಾನು ಉಜ್ಜುತ್ತಿದ್ದದ್ದು ತೆಂಗಿನ ನಾರಿನಿಂದ. ಅಷ್ಟು ದಪ್ಪ ನಾರಿನೊಳಗಿಂದ ಎಲುಬು ಕೈಗೆ ತಿಳಿಯುವುದಿಲ್ಲ. ಹಾಗಾದರೆ ಯಾರೋ ಹೇಳಿರಬೇಕು. ಪಕ್ಕದ ಮನೆಯ ಮುದುಕಿ ಹೇಳಿದರೋ, ಜಟಕಾ ಹೊಡೆಯುವ ಸಾಹೇಬರು ಹೇಳಿದರೋ. ಬೇರೆಯವರ ಬಾಯಿಂದ ಕೇಳಿದ್ದನ್ನು ನಾನೇ ಕಂಡೆ ಅಂತ ಆಮೇಲೆ ಮಾಡಿಕೊಂಡಿರಬೇಕು. ಕುದುರೆಯ ಬಣ್ಣವನ್ನೂ ನಾನು ಕಂದು ಎನ್ನುತ್ತೇನೆ. ಮಾಗಡಿ ರಸ್ತೆಯ ಕೆಂಪು ಧೂಳಿನಲ್ಲಿ ವರ್ಷಗಟ್ಟಲೆ ನಡೆದ ಪ್ರಾಣಿ ಕಂದಲ್ಲದೆ ಇನ್ನೇನಾಗಿ ಕಂಡೀತು?

ಅನುಮಾನವಿಲ್ಲದ್ದನ್ನು ಮೊದಲು ಬರೆದುಬಿಡುತ್ತೇನೆ. ಮಹಾರಾಜರ ಸರ್ಕಾರದಲ್ಲಿ ನನಗೆ ದಾಕು ಹಾಕುವ ಕೆಲಸವಿತ್ತು. ಸಿಡುಬು ಬರದ ಹಾಗೆ ಮಕ್ಕಳ ತೋಳನ್ನು ಗೀರಿ ಮದ್ದು ಹಚ್ಚುವುದು. ವಾಸ ಮಾಗಡಿಯಲ್ಲಿ, ಒಬ್ಬನೇ. ಅತ್ತ ಸೋಲೂರಿನವರೆಗೆ, ಇತ್ತ ಕೆಂಪಾಪುರ, ಕೆಳಗೆ ಕ್ಲೋಸ್‌ಪೇಟೆಯ ರಸ್ತೆಯುದ್ದಕ್ಕೂ ಇರುವ ಹಳ್ಳಿಗಳು ನನ್ನ ಪಾಲಿಗೆ. ಕ್ಲೋಸ್‌ಪೇಟೆ ಎಂದರೆ ಈಗ ರಾಮನಗರ. ಇಷ್ಟನ್ನೂ ಸುತ್ತುವುದಕ್ಕೆ ಒಂದು ನಾಡು ತಟ್ಟು, ಅಂದರೆ ಗಿಡ್ಡ ಜಾತಿಯ ಕುದುರೆ, ಹೆಣ್ಣು. ನನಗಿಂತ ಮುಂಚೆ ಆ ಜಾಗದಲ್ಲಿದ್ದವರು ನನಗೆ ಬಿಟ್ಟುಹೋದದ್ದು. ಹಲ್ಲು ನೋಡಿದವರೆಲ್ಲ ಒಬ್ಬೊಬ್ಬರು ಒಂದೊಂದು ವಯಸ್ಸು ಹೇಳಿದರು. ಮುದಿಯಾಗಿದೆ ಎಂಬುದರಲ್ಲಿ ಮಾತ್ರ ಎಲ್ಲರದೂ ಒಂದೇ ಮಾತು. ನಾನು ಅದಕ್ಕೆ ಹೆಸರಿಟ್ಟಿರಲಿಲ್ಲ. ಮನೆಯಲ್ಲಿ ಇಬ್ಬರೇ ಇರುವಾಗ ಹೆಸರು ಹಿಡಿದು ಕರೆಯುವ ಅಗತ್ಯ ಬೀಳುವುದಿಲ್ಲ.

ಆ ವರ್ಷ ಬೇಸಿಗೆಯಲ್ಲಿ ಮೇಲಿನಿಂದ ಒಂದು ಆಜ್ಞೆ ಬಂತು. ಚಳಿಗಾಲದ ತನಿಖೆಗೆ ಇಲಾಖೆಯ ದೊಡ್ಡ ಸಾಹೇಬರು ಬಂದಾಗ ನೌಕರರ ಸವಾರಿ ಪ್ರಾಣಿಗಳನ್ನೂ ನೋಡುತ್ತಾರೆ. ಪ್ರಾಣಿ ದೃಢವಾಗಿಲ್ಲದಿದ್ದರೆ ಆ ನೌಕರನನ್ನು ಸುತ್ತಾಟದಿಂದ ತೆಗೆದು ಯಾವುದಾದರೂ ಪಟ್ಟಣದ ಆಸ್ಪತ್ರೆಗೆ ಹಾಕುತ್ತಾರೆ. ಆಸ್ಪತ್ರೆಯ ಕೊಠಡಿಗಳಲ್ಲಿ ನೌಕರನಿಗೆ ಜಾಗ ಉಂಟು, ಕುದುರೆಗೆ ಇಲ್ಲ. ನನಗೆ ಅರ್ಥವಾದದ್ದು ಇಷ್ಟು: ಚಳಿ ಹುಟ್ಟುವುದರೊಳಗೆ ಈ ಕುದುರೆ ಮೈ ತುಂಬಿಕೊಳ್ಳಬೇಕು. ಇಲ್ಲವಾದರೆ ಅದು ನನ್ನ ಜೊತೆ ಇರುವುದಿಲ್ಲ.

ಒಂದು ಕುದುರೆಗಾಗಿ ಅಷ್ಟೊಂದು ಚಿಂತೆ ಯಾಕೆ ಎಂದು ಕೇಳಬಹುದು. ದಾಕು ಹಾಕುವವನು ಬಂದ ಎಂದರೆ ಆಗ ಹಳ್ಳಿಗಳಲ್ಲಿ ಏನಾಗುತ್ತಿತ್ತು ಎಂಬುದು ಈಗಿನವರಿಗೆ ಗೊತ್ತಿಲ್ಲ. ಗೊರಸಿನ ಸದ್ದು ಕೇಳಿದರೆ ಸಾಕು, ಬೀದಿ ಬರಿದಾಗುತ್ತಿತ್ತು. ಬಾಗಿಲು ಒಳಗಿನಿಂದ ಅಗಳಿ ಹಾಕಿಕೊಳ್ಳುತ್ತಿತ್ತು. ಮಕ್ಕಳನ್ನು ರಾಗಿ ತುಂಬುವ ಗುಡಾಣದೊಳಗೆ ಕೂರಿಸಿ ಮೇಲೆ ಮೊರ ಮುಚ್ಚಿಬಿಡುತ್ತಿದ್ದರು. ಅಮ್ಮನನ್ನು ಮನೆಗೆ ಕರೆದು ತರುವವನು ನಾನು ಎಂಬ ಭಯ. ಸಿಡುಬನ್ನು ಯಾರೂ ಸಿಡುಬು ಎನ್ನುತ್ತಿರಲಿಲ್ಲ, ಅಮ್ಮ ಎನ್ನುತ್ತಿದ್ದರು. ಪಟೇಲರು ಬಂದು ಗದರಿಸಿ ಬಾಗಿಲು ತೆಗೆಸುವವರೆಗೂ ನಾನು ಚಾವಡಿಯ ಮುಂದೆ ಕುದುರೆಯ ಲಗಾಮು ಹಿಡಿದು ನಿಂತಿರಬೇಕು. ಯಾರೂ ನೀರು ಬೇಕೇ ಎನ್ನುತ್ತಿರಲಿಲ್ಲ. ಸಂಜೆ ಮನೆಗೆ ಬಂದರೆ ಗೋಡೆ. ಹಾಗೆ ದಿನಗಳು ಕಳೆಯುವಾಗ ನಾನು ಆಡಿದ ಮಾತೆಲ್ಲ ಆ ಕುದುರೆಯ ಕಿವಿಗೆ ಹೋಗಿರಬೇಕು. ಏನು ಆಡಿದೆ ಎಂಬುದು ನೆನಪಿಲ್ಲ. ದೊಡ್ಡ ಮಾತೇನೂ ಅಲ್ಲ. ಸರಿ, ನಿಲ್ಲು, ತಿನ್ನು, ನೋಡಿಕೊಂಡು ನಡಿ, ಇಂಥವೇ.

ಮೈಸೂರು ಸೀಮೆಯಲ್ಲಿ ಕುದುರೆಗೆ ಏನು ಹಾಕಬೇಕು ಎಂದು ಯಾರೂ ಯೋಚಿಸುವುದಿಲ್ಲ. ಹುರುಳಿ. ಹೊಲದಲ್ಲಿ ಬೇರೇನೂ ಬೆಳೆಯದಿದ್ದರೂ ಹುರುಳಿ ಬೆಳೆಯುತ್ತದೆ; ಅದನ್ನು ಬೇಯಿಸಿ ಹಾಕಿದರೆ ಎತ್ತೂ ದುಡಿಯುತ್ತದೆ, ಕುದುರೆಯೂ ದುಡಿಯುತ್ತದೆ. ನಾನೂ ಹಾಗೆಯೇ ಮಾಡುತ್ತಿದ್ದೆ. ಬೆಳಿಗ್ಗೆ ಒಂದು ಮಡಕೆ ಹುರುಳಿ ಬೇಯಲು ಇಡುವುದು. ಬೆಂದ ನೀರನ್ನು, ಅಂದರೆ ಕಟ್ಟನ್ನು, ಬಸಿದು ಇಟ್ಟುಕೊಳ್ಳುವುದು. ಕಾಳು ಕುದುರೆಗೆ. ಕಟ್ಟಿಗೆ ಹುಣಸೆಹಣ್ಣು, ಖಾರ, ಒಗ್ಗರಣೆ ಬಿದ್ದರೆ ನನ್ನ ಸಾರು. ಈ ಸೀಮೆಯಲ್ಲಿ ಹುರುಳಿಕಟ್ಟನ್ನು ಚೆಲ್ಲುವ ಮನೆ ನಾನು ಕಂಡಿಲ್ಲ. ದನಕ್ಕೆಂದೇ ಬೇಯಿಸಿದರೂ ಕಟ್ಟು ಒಲೆಯ ಮೇಲೆ ಉಳಿಯುತ್ತದೆ, ಕಾಳು ಕೊಟ್ಟಿಗೆಗೆ ಹೋಗುತ್ತದೆ. ಒಂದೇ ಮಡಕೆಯಲ್ಲಿ ಇಬ್ಬರ ಊಟ. ನನಗೆ ಅದರಲ್ಲಿ ಒಂದು ಸಮಾಧಾನವೂ ಇತ್ತು.

ಪಕ್ಕದ ಮನೆಯ ಮುದುಕಿ ಕೋಳಿ ಸಾಕಿದ್ದರು. ಎರಡು ಹಿತ್ತಿಲಿಗೂ ನಡುವೆ ಮುರುಕು ಮಣ್ಣುಗೋಡೆ. ಅವರಿಗೆ ನನ್ನ ಕೆಲಸದ ಭಯವಿರಲಿಲ್ಲ. ಚಿಕ್ಕಂದಿನಲ್ಲಿ ಅಮ್ಮ ಬಂದು ಹೋದ ಗುರುತು ಅವರ ಮುಖದ ತುಂಬ ಇತ್ತು. ‘ನಂಗಿನ್ನೇನ್ ಮಾಡೀಯಪ್ಪಾ ನೀನು’ ಎಂದು ಒಮ್ಮೆ ನಕ್ಕಿದ್ದರು. ಆಮೇಲಾಮೇಲೆ ಬಹುವಚನಕ್ಕೆ ಬಂದರು, ಯಾಕೋ ತಿಳಿಯದು. ಒಂದು ದಿನ ಗೋಡೆಯ ಆಚೆಯಿಂದ ಕೂಗಿದರು.

‘ಅಲ್ಲ ಸೋಮಿ, ನೀವು ಸಾಕ್ತಿರೋದು ಕುದ್ರೇನೋ ನಮ್ ಕೋಳೀನೋ?’

‘ಯಾಕಮ್ಮ?’

‘ಬಂದು ನೋಡಿ ಇಲ್ಲಿ. ಲದ್ದೀಲಿ ಕಾಳು ಹಾಕ್ದಂಗೇ ಈಚೆಗೆ ಬಂದೈತೆ. ನಮ್ ಹುಂಜ ಅದನ್ನ ಕೆದ್ಕಿ ತಿಂದು ತಿಂದು ಗೋಡೆ ಹಾರಕ್ಕಾಗ್ದೆ ಕುಂತೈತೆ.’

ಹೋಗಿ ನೋಡಿದೆ. ನಿಜ. ಲದ್ದಿಯಲ್ಲಿ ಬೆಂದ ಹುರುಳಿ ಇಡಿಯಾಗಿಯೇ ಇತ್ತು. ಹುಂಜವೂ ನಿಜವಾಗಿ ದಪ್ಪಗಾಗಿತ್ತು.

‘ಬೇಯ್ಸಿದ ಕಟ್ಟು ಏನ್ಮಾಡ್ತೀರಿ?’

‘ಸಾರು ಮಾಡ್ಕೋತೀನಿ.’

ಮುದುಕಿ ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ‘ಸರೋಯ್ತು. ಕಟ್ಟು ನಿಮ್ಗೆ, ಕಾಳು ನಮ್ ಕೋಳಿಗೆ. ಪಾಪ ಅದ್ಕೇನೈತೆ? ನಿಮ್ ಸಾರು ಕುದಿಯೋ ಗಮಗಮ.’

ಆ ಕೊನೆಯ ಮಾತು ಅವರು ಆಡಿದ್ದೋ, ನಾನು ಮುಂದೆ ಎಂದೋ ಸೇರಿಸಿಕೊಂಡದ್ದೋ. ಹುಂಜದ ಬಗ್ಗೆ ಮಾತ್ರ ಸಂಶಯವಿಲ್ಲ.

ಅಂದಿನಿಂದ ನಾನು ಕುದುರೆ ತಿನ್ನುವುದನ್ನು ಕೂತು ನೋಡತೊಡಗಿದೆ. ಅಷ್ಟು ದಿನ ಹಾಕಿ ಒಳಗೆ ಹೋಗುತ್ತಿದ್ದೆ. ಕೂತು ನೋಡಿದರೆ, ಹುಲ್ಲನ್ನು ಬಾಯಿಗೆ ತೆಗೆದುಕೊಳ್ಳುತ್ತದೆ, ಒಂದು ಪಕ್ಕಕ್ಕೆ ತಲೆ ಓರೆ ಮಾಡಿ ಅಗಿಯುತ್ತದೆ, ಬಹಳ ಹೊತ್ತು ಅಗಿಯುತ್ತದೆ, ಕೊನೆಗೆ ನುಂಗಲಾರದೆ ಒದ್ದೆ ಉಂಡೆ ಮಾಡಿ ಕೆಳಗೆ ಬಿಡುತ್ತದೆ. ಗೋದಲಿಯ ಸುತ್ತ ಅಂಥ ಉಂಡೆಗಳು ಬಿದ್ದಿರುತ್ತಿದ್ದವು. ನಾನು ಅವನ್ನು ಅಷ್ಟು ದಿನ ಗುಡಿಸಿ ಹಾಕುತ್ತಿದ್ದೆ. ಬೇರೆ ಬೇರೆ ಹೊತ್ತಿನಲ್ಲಿ ಹಾಕಿದರೂ, ಹಸಿವಾದಾಗ ಹಾಕಿದರೂ, ಹಾಗೆಯೇ. ತಿನ್ನುವ ಆಸೆ ಇದೆ, ಬಾಯಿ ನಡೆಯುವುದಿಲ್ಲ.

ಪೇಟೆಯಲ್ಲಿ ಜಟಕಾ ಹೊಡೆಯುವ ಸಾಹೇಬರೊಬ್ಬರಿದ್ದರು. ಕುದುರೆ ಇದ್ದವರು ಊರಿನಲ್ಲಿ ನಾವಿಬ್ಬರೇ ಎಂಬಷ್ಟು ಕಡಿಮೆ, ಹಾಗಾಗಿ ಒಂದು ಬಗೆಯ ನಂಟು. ಅವರು ಬಂದು ಕುದುರೆಯ ನಾಲಿಗೆಯನ್ನು ಪಕ್ಕಕ್ಕೆ ಎಳೆದು ಹಿಡಿದು ದವಡೆಯೊಳಗೆ ನೋಡಿದರು.

‘ಹಲ್ಲು ಓಗ್ಬಿಟ್ಟೈತೆ ಸ್ವಾಮಿ. ಒಂದ್ ಕಡೆ ಸವೆದೈತೆ, ಒಂದ್ ಕಡೆ ಚೂಪಾಗೈತೆ. ನಮ್ ಅಬ್ಬಾಜಾನ್ ಬಾಯಿ ಹಿಂಗೇ ಇತ್ತು.’

‘ಅವರಿಗೆ ಏನು ಕೊಡ್ತಿದ್ರಿ?’

‘ಬೈಗುಳ’ ಎಂದರು ಸಾಹೇಬರು. ‘ಅವರು ನಮ್ಗೆ ಕೊಡ್ತಿದ್ದರು. ಇದ್ಕೆ ಕಡ್ಲೆಕಾಯಿ ಹಿಂಡಿ ಹಾಕಿ. ನೆನೆಸಿ, ಬೆಲ್ಲ ಕಲಸಿ ಹಾಕಿ. ತಿಂಗಳೊಳಗೆ ಸರ್ಕಾರ್ ಕುದ್ರೆ ಆಗ್ತೈತೆ.’

ಹಾಕಿದೆ. ತಿಂಗಳೊಳಗೆ ಎಂದದ್ದನ್ನು ಇನ್ನೂ ಬೇಗ ಮಾಡಬಹುದೆಂದು ಬೋಗುಣಿ ತುಂಬ ಹಾಕಿದೆ. ಕುದುರೆ ಹಿಂಡಿಯನ್ನು ಎಷ್ಟು ಆಸೆಯಿಂದ ತಿಂದಿತೆಂದರೆ ಬೋಗುಣಿಯನ್ನು ನೆಕ್ಕುತ್ತ ಹಿತ್ತಿಲಿನ ಉದ್ದಕ್ಕೂ ತಳ್ಳಿಕೊಂಡು ಹೋಯಿತು. ಮಾರನೆಯ ದಿನ ಹೊತ್ತೇರುವ ಹೊತ್ತಿಗೆ ಮುಂಗಾಲಿನಿಂದ ನೆಲ ಕೆರೆಯತೊಡಗಿತು. ತಿರುತಿರುಗಿ ತನ್ನ ಹೊಟ್ಟೆಯನ್ನೇ ನೋಡುತ್ತಿತ್ತು. ಮಲಗಲು ನೋಡುತ್ತಿತ್ತು, ಏಳುತ್ತಿತ್ತು, ಮೈಯೆಲ್ಲ ಬೆವರು. ಮಲಗಿ ಹೊರಳಾಡಿದರೆ ಕರುಳು ತಿರುಚಿಕೊಂಡು ಸಾಯುತ್ತದೆ, ಮಲಗಲು ಬಿಡಬೇಡಿ ಎಂದು ಸಾಹೇಬರು ಓಡಿಬಂದು ಹೇಳಿದರು. ಅದನ್ನು ಹಿಡಿದುಕೊಂಡು ಕೆರೆಯ ಏರಿಯ ಮೇಲೆ ಹೋದೆ, ಬಂದೆ, ಹೋದೆ, ಬಂದೆ. ಹೊಲದ ಕಡೆಯಿಂದ ಮನೆಗೆ ಹೋಗುವವರು ದಾಕಿನವನು ಎಂದು ಏರಿಯ ಕೆಳಗಿನ ದಾರಿ ಹಿಡಿದು ಹೋದರು. ಬಿಸಿಲು ಇಳಿಯಿತು. ದೀಪ ಹಚ್ಚುವ ಹೊತ್ತಿಗೆ ಕುದುರೆ ನಿಂತು, ಬಾಲ ಎತ್ತಿ, ಲದ್ದಿ ಹಾಕಿತು. ಲದ್ದಿ ಕಂಡು ಒಬ್ಬ ಮನುಷ್ಯ ಅಷ್ಟು ಸಂತೋಷಪಡುವುದನ್ನು ನೋಡಲು ಏರಿಯ ಮೇಲೆ ಬೇರೆ ಯಾರೂ ಇರಲಿಲ್ಲ.

‘ಹಾಕಿ ಅಂದ್ರೆ ಒಸಿ ಹಾಕಿ ಅಂತ ಸ್ವಾಮಿ,’ ಎಂದರು ಸಾಹೇಬರು ಮರುದಿನ. ‘ಶಾದಿ ಮನೆ ಊಟಾನೇ ಬಡಿಸ್ಬುಟ್ರಲ್ಲ.’

ಆಮೇಲಿನ ಕ್ರಮ ಹೀಗಾಯಿತು. ಹುರುಳಿ ಕರಗುವಂತೆ ಬೇಯಿಸಿ, ಒರಳಿನಲ್ಲಿ ಹಾಕಿ ತಿರುವಿ, ಅದರ ಕಟ್ಟನ್ನು ಅದಕ್ಕೇ ಬೆರೆಸಿ, ಅಕ್ಕಿ ತೌಡು ಹಾಕಿ, ಅಚ್ಚುಬೆಲ್ಲದ ಒಂದು ಚೂರು, ಚಿಟಿಕೆ ಉಪ್ಪು, ಉಗುರುಬೆಚ್ಚಗೆ ಗಂಜಿಯ ಹಾಗೆ. ಹಿಂಡಿ ಅಂಗೈಯಷ್ಟು. ಒಂದೇ ಸಲ ಹಾಕದೆ ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಎಂದು ಹಂಚಿ. ಸುತ್ತಾಟಕ್ಕೆ ಹೋಗುವಾಗಲೂ ಒಂದು ತಂಬಿಗೆಯಲ್ಲಿ ಕಟ್ಟಿಕೊಂಡು ಹೋಗುತ್ತಿದ್ದೆ. ನನ್ನ ಊಟಕ್ಕೆ ಮುದ್ದೆ, ಉಪ್ಪಿನಕಾಯಿ. ಇದರಿಂದ ಲದ್ದಿಯಲ್ಲಿ ಕಾಳು ಕಾಣುವುದು ನಿಂತಿತು. ಹುಂಜ ಗೋಡೆ ಹಾರತೊಡಗಿತು. ಕುದುರೆ ಇನ್ನಷ್ಟು ಬಡವಾಗಲಿಲ್ಲ. ಆದರೆ ಮೈಯೂ ಬರಲಿಲ್ಲ. ಕುದುರೆಗೆ ಗಂಜಿ ಮಾತ್ರ ಸಾಲದು, ಹೊಟ್ಟೆ ತುಂಬ ಮೇವು ಬೇಕು. ಒಣಹುಲ್ಲು ಅಗಿಯಲಾರದು. ಎಳೆ ಗರಿಕೆ ಬೇಕು ಎಂದರೆ ಆ ಬಿಸಿಲಿಗೆ ಸಾವನದುರ್ಗದ ತಪ್ಪಲಿನಲ್ಲಿಯೂ ಹಸಿರು ಸುಟ್ಟು ಹೋಗಿತ್ತು.

ಆಗ ಒದಗಿಬಂದದ್ದು ಒಂದು ಹಳ್ಳಿ. ಕ್ಲೋಸ್‌ಪೇಟೆಗೆ ಹೋಗುವ ದಾರಿಯಲ್ಲಿ, ಹೆಸರು ಬೇಡ. ಮನೆಮನೆಯಲ್ಲೂ ರೇಷ್ಮೆಹುಳು ಸಾಕುವವರು. ರೇಷ್ಮೆ ಮನೆಯವರ ಮಡಿ ಏನೆಂದು ಈ ಕಡೆಯವರಿಗೆ ಹೇಳಬೇಕಾಗಿಲ್ಲ. ಹುಳು ತಟ್ಟೆಯಲ್ಲಿ ಇರುವಷ್ಟು ದಿನ ಹೊರಗಿನವರು ಒಳಗೆ ಕಾಲಿಡುವ ಹಾಗಿಲ್ಲ. ಮುಟ್ಟಾದವರು, ಸೂತಕದವರು, ಒಗ್ಗರಣೆಯ ವಾಸನೆ ಹೊತ್ತವರು ಯಾರೂ ಹತ್ತಿರ ಸುಳಿಯುವ ಹಾಗಿಲ್ಲ. ಮನೆಯಿಂದ ಒಂದು ಎಲೆಯನ್ನೂ ಕೈಯೆತ್ತಿ ಇನ್ನೊಬ್ಬರಿಗೆ ಕೊಡುವ ಹಾಗಿಲ್ಲ, ಬೆಳೆ ಕೈಬಿಟ್ಟು ಹೋಗುತ್ತದೆ. ಇನ್ನು ಅಮ್ಮನ ಕೆಲಸ ಮಾಡುವ ನಾನು. ನನ್ನ ನೆರಳು ಬಿದ್ದರೂ ಹುಳು ಸೊರಗುತ್ತವೆ ಎಂದು ಊರವರ ನಂಬಿಕೆ. ಅಲ್ಲಿಗೆ ಹೋದಾಗಲೆಲ್ಲ ಊರ ಹೊರಗಿನ ಹೊಂಗೆಮರದ ಕೆಳಗೇ ನಿಂತು ಹೇಳಿಕಳುಹಿಸುತ್ತಿದ್ದೆ. ಯಾರೂ ಬರುತ್ತಿರಲಿಲ್ಲ, ತಿರುಗಿ ಬರುತ್ತಿದ್ದೆ.

ಒಂದು ದಿನ ಹಾಗೆ ಮರದ ಕೆಳಗೆ ನಿಂತಿದ್ದಾಗ ಕುದುರೆ ಲಗಾಮು ಬಿಡಿಸಿಕೊಂಡು ನಡೆದುಬಿಟ್ಟಿತು. ಊರಿನ ಮೊದಲ ಮನೆಯ ತಿಪ್ಪೆಗೆ ಹೋಗಿ ಮೂತಿ ಇಟ್ಟಿತು. ತಿಪ್ಪೆಯ ಮೇಲೆ ಹುಳು ತಿಂದು ಬಿಟ್ಟ ಹಿಪ್ಪುನೇರಳೆ ಸೊಪ್ಪು, ಬಾಡಿದ್ದು, ಮೃದುವಾದದ್ದು. ನಾನು ಇದ್ದಲ್ಲಿಂದಲೇ ನೋಡಿದೆ. ಅಗಿಯಿತು, ನುಂಗಿತು. ಮತ್ತೆ ಅಗಿಯಿತು, ನುಂಗಿತು. ಉಂಡೆ ಬೀಳಲಿಲ್ಲ.

ಮನೆಯ ಬಾಗಿಲಿನಿಂದ ಹೆಂಗಸಿನ ದನಿ. ‘ಅಲ್ಲೇ ನಿಂತ್ಕಳಿ! ದಾಕಿನಯ್ಯ ಅಲ್ವಾ ನೀವು? ಹುಳ ನಾಕನೇ ಜ್ವರಕ್ಕೆ ಕುಂತವೆ. ಮುಂದಕ್ಕೆ ಒಂದೆಜ್ಜೆ ಇಕ್ಕಬ್ಯಾಡಿ.’

ಹುಳು ಪೊರೆ ಬಿಡುವ ಮುಂಚೆ ಮೇವು ಬಿಟ್ಟು ಅಲುಗಾಡದೆ ಇರುವುದಕ್ಕೆ ಅವರು ಜ್ವರ ಎನ್ನುತ್ತಾರೆ.

‘ನಾನು ಬರೋದಿಲ್ಲಮ್ಮ. ಕುದುರೆ ನಿಮ್ಮ ತಿಪ್ಪೆ ಹತ್ರ ಹೋಗ್ಬಿಟ್ಟಿದೆ.’

‘ಕುದ್ರೆಗೇನು, ಅದು ದಾಕು ಹಾಕ್ತದಾ? ತಿನ್ಲಿ ಬುಡಿ. ನೀವು ಬರಬ್ಯಾಡಿ, ಅಷ್ಟೇಯ.’

ಕುದುರೆ ತಿಂದು ಮುಗಿಸುವವರೆಗೂ ನಾವಿಬ್ಬರೂ ಹಾಗೆಯೇ ನಿಂತಿದ್ದೆವು, ಅವರು ಬಾಗಿಲಿನ ಕತ್ತಲಲ್ಲಿ, ನಾನು ಮರದ ಬುಡದಲ್ಲಿ. ನಾನು ಕೇಳಿದೆ. ‘ಆ ಸೊಪ್ಪು ಒಸಿ ಕೊಡ್ತೀರಾ? ಮುದಿ ಕುದುರೆ, ಹುಲ್ಲು ಅಗಿಯೋಕಾಗಲ್ಲ.’

‘ಚೆನ್ನಾಗೇಳಿದ್ರಿ. ಹುಳ ಗೂಡು ಕಟ್ಟೋಗಂಟ ಮನೆಯಿಂದ ಒಂದೆಲೆ ಕೊಡಕ್ಕಿಲ್ಲ.’

‘ಆಯ್ತಮ್ಮ.’

‘ಕೊಡಕ್ಕಿಲ್ಲ ಅಂದೆ ಕನಯ್ಯ. ಬಿಸಾಕಕ್ಕಿಲ್ಲ ಅಂದ್ನಾ? ತಿಪ್ಪೆ ತಾವ ಬಿಸಾಕೋದ್ನ ಅತ್ಲಾಗೆ ಮರದ ತಾವ ಬಿಸಾಕ್ತೀನಿ. ನಾನಿಲ್ದಾಗ ಬಂದು ಏನಾರ ಮಾಡ್ಕಳಿ.’

ಹೀಗೆ ಹುಳು ತಿಂದು ಬಿಟ್ಟ ಸೊಪ್ಪು ಹೊಂಗೆಮರದ ಬುಡದಲ್ಲಿ ಬೀಳತೊಡಗಿತು. ಆ ಕಡೆ ಸುತ್ತು ಬಿದ್ದಾಗಲೆಲ್ಲ ಗೋಣಿ ತುಂಬಿಕೊಂಡು ಬರುತ್ತಿದ್ದೆ. ಕಡ್ಡಿ ಆರಿಸಿ, ಎಲೆ ಹೆಚ್ಚಿ, ಗಂಜಿಗೆ ಬೆರೆಸಿ ಹಾಕುತ್ತಿದ್ದೆ. ಹೊಸ ಮೇವು ಒಮ್ಮೆಲೇ ಹಾಕಬಾರದೆಂಬ ಬುದ್ಧಿ ಕೆರೆಯ ಏರಿಯ ಮೇಲೆ ಬಂದಿತ್ತು. ಆ ಸೊಪ್ಪನ್ನು ಅಲ್ಲಿ ಹಾಕಿದವರನ್ನು ನಾನು ನೋಡಲಿಲ್ಲ. ಕೆಲವು ಸಲ ರಾಶಿಯ ಮೇಲೆ ಗಾಳಿಗೆ ಹಾರಿಹೋಗದಂತೆ ಒಂದು ಕಲ್ಲು ಇಟ್ಟಿರುತ್ತಿತ್ತು. ಅಷ್ಟೆ. ಬಿಸಾಡಿದ ಕಸದ ಮೇಲೆ ಯಾರೂ ಕಲ್ಲಿಡುವುದಿಲ್ಲ ಎಂದು ನಾನು ಗೋಣಿ ಹೊತ್ತು ಬರುತ್ತ ಯೋಚಿಸುತ್ತಿದ್ದೆ. ಆ ಯೋಚನೆ ಮಾಗಡಿ ಮುಟ್ಟುವವರೆಗೆ ಸಾಕಾಗುತ್ತಿತ್ತು.

ಒಂದು ಬೆಳೆ ಮುಗಿದು ಗೂಡು ಮಾರಿ, ಮನೆ ಸಾರಿಸಿ, ತಟ್ಟೆಗಳನ್ನು ತೊಳೆದು ಬಿಸಿಲಿಗೆ ಒರಗಿಸಿದ್ದ ದಿನ ಒಬ್ಬ ನಡುವಯಸ್ಸಿನ ಹೆಂಗಸು ಮಗುವೊಂದನ್ನು ಎತ್ತಿಕೊಂಡು ಮರದ ತನಕ ಬಂದರು. ಯಾರೆಂದು ನನಗೆ ತಿಳಿಯಲಿಲ್ಲ. ಬಾಯಿ ತೆರೆದ ಮೇಲೆ ತಿಳಿಯಿತು. ನನಗೆ ಗೊತ್ತಿದ್ದದ್ದು ದನಿ ಮಾತ್ರ.

‘ಇವತ್ತು ಮನೇಲಿ ಹುಳ ಇಲ್ಲ. ಬಿರ್‍ನೆ ಹಾಕ್ಬುಡಿ, ಮೊಮ್ಮಗ. ಕಣ್ಣು ಕುದ್ರೆ ಕಡೆ ಇಕ್ಕಿರ್ತಾನೆ.’

ಹಾಕಿದೆ. ಮಗು ಅತ್ತಿತು, ಕುದುರೆಯನ್ನು ನೋಡಿ ಸುಮ್ಮನಾಯಿತು. ಅವರು ಕುದುರೆಯ ಪಕ್ಕೆಯನ್ನು ಒಮ್ಮೆ ತಟ್ಟಿ ‘ಮೈ ಬಂದೈತೆ’ ಎಂದರು. ನನಗೇನಾದರೂ ಹೇಳಬೇಕೆನಿಸಿತ್ತು. ಅಷ್ಟರಲ್ಲಿ ಹೊರಟುಬಿಟ್ಟರು. ಅದೇ ವಾರ ಮುಂದಿನ ಹುಳು ಬಂದವು.

ಮೈ ಬಂದಿತ್ತು, ಹೌದು. ಕಣ್ಣಿನ ಮೇಲಿನ ಗುಳಿ ತುಂಬಲಿಲ್ಲ, ಅದು ವಯಸ್ಸಿನದು. ಆದರೆ ಪಕ್ಕೆ ಮುಚ್ಚಿತು, ಸೊಂಟದ ಮೂಳೆಯ ಚೂಪು ಹೋಯಿತು, ಜೀನಿನ ಪಟ್ಟಿಯನ್ನು ಸಡಿಲಿಸಬೇಕಾಯಿತು. ಯಾವುದರಿಂದ ಎಂದು ಕೇಳಿದರೆ ನಾನು ಸೊಪ್ಪಿನಿಂದ ಎನ್ನುತ್ತ ಬಂದಿದ್ದೇನೆ. ಸೊಪ್ಪು, ಗಂಜಿ, ಹಿಂಡಿ ಮೂರೂ ಹೊಟ್ಟೆಗೆ ಹೋಗುತ್ತಿದ್ದವು. ನಡುವೆ ಮಳೆಯೂ ಬಂದು ಬೇಲಿಯ ಸಾಲೆಲ್ಲ ಗರಿಕೆಯಾಯಿತು. ಗರಿಕೆ ತಿಂದೇ ದಪ್ಪಗಾಗಿದ್ದರೆ ಈ ಕಥೆಯಲ್ಲಿ ಹೊಂಗೆಮರಕ್ಕೆ ಕೆಲಸವಿಲ್ಲ. ನನಗೆ ಮರ ಬೇಕಾಗಿದೆ, ಇಟ್ಟುಕೊಂಡಿದ್ದೇನೆ.

ಚಳಿಗಾಲದಲ್ಲಿ ತನಿಖೆಯ ಸಾಹೇಬರು ಮಾಗಡಿಯ ಮುಸಾಫಿರಖಾನೆಗೆ ಬಂದು ಇಳಿದರು. ಹಿಂದಿನ ದಿನವೇ ನಾನು ಕುದುರೆಗೆ ಸ್ನಾನ ಮಾಡಿಸಿ, ಗೊರಸಿಗೆ ಎಣ್ಣೆ ಸವರಿ, ಬಾಲ ಬಾಚಿದ್ದೆ. ಜಗುಲಿಯಿಂದ ಕಾಣುವ ಹಾಗೆ ಬೇವಿನ ಮರಕ್ಕೆ ಕಟ್ಟಿದೆ. ಸಾಹೇಬರು ಒಳ್ಳೆಯವರು, ಮೃದುವಾಗಿ ಮಾತಾಡುವವರು. ಮದ್ದಿನ ಕೊಳವೆಗಳನ್ನು ನೋಡಿದರು, ನನ್ನ ಊರು ಯಾವುದೆಂದು ಕೇಳಿದರು, ಕಾಫಿ ಕುಡಿದರು.

‘ನಿಮ್ಮನ್ನು ಚನ್ನಪಟ್ಟಣಕ್ಕೆ ಹಾಕಿದ್ದೇವೆ. ಅಲ್ಲಿ ಒಬ್ಬರು ಬೇಕಾಗಿದ್ದಾರೆ. ಬರುವ ವಾರ ಹೊರಡಿ.’

‘ಸ್ವಾಮಿ, ಕುದುರೆ...’

‘ಯಾವ ಕುದುರೆ?’

ನಾನು ಬೇವಿನ ಮರದ ಕಡೆ ಕೈ ತೋರಿಸಿದೆ. ಅವರು ನೋಡಿದರೋ ಇಲ್ಲವೋ. ಆಗ ಅವರು ಕನ್ನಡಕ ಒರೆಸಿಕೊಳ್ಳುತ್ತಿದ್ದರು ಎಂದು ನನ್ನ ನೆನಪು.

‘ಅಲ್ಲಿ ಅದು ಬೇಕಾಗುವುದಿಲ್ಲ. ರೈಲಿದೆ, ಆಸ್ಪತ್ರೆಯಲ್ಲೇ ಕೊಠಡಿ ಇದೆ. ಕುದುರೆ ಸಾಕುವ ತೊಂದರೆ ತಪ್ಪಿತು ನಿಮಗೆ.’

ಉಪಕಾರ ಮಾಡಿದವರ ದನಿಯಲ್ಲಿಯೇ ಹೇಳಿದರು. ಅವರ ಮನಸ್ಸಿನಲ್ಲಿ ಅದು ಉಪಕಾರವೇ ಆಗಿತ್ತು. ಸವಾರಿ ಪ್ರಾಣಿಗಳ ತನಿಖೆಯ ಮಾತು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಸುದ್ದಿ ಕೇಳಿ ಜಟಕಾ ಸಾಹೇಬರು ಬಂದರು. ಕುದುರೆಯ ಸುತ್ತ ಒಂದು ಸುತ್ತು ಬಂದು, ‘ನಮ್ಗೆ ಕೊಡಿ ಸ್ವಾಮಿ. ಈಗ ಮೈ ಬಂದೈತಲ್ಲ, ಇನ್ನೆರಡ್ ವರ್ಷ ಗಾಡಿ ಎಳೀತೈತೆ’ ಎಂದರು. ಬಡವಾಗಿದ್ದಾಗ ಅದಕ್ಕೆ ದುಡಿಮೆ ಹೇಳುವವರು ಯಾರೂ ಇರಲಿಲ್ಲ. ನಾನು ಕೊಡುವುದಿಲ್ಲ ಎಂದೆ. ಅವರಿಗೆ ಬೇಸರವಾಯಿತು. ಮಾಗಡಿ ಬಿಡುವವರೆಗೂ ಆ ಬೇಸರ ಸರಿಹೋಗಲಿಲ್ಲ. ಊರಲ್ಲಿ ಇದ್ದ ಒಂದು ನಂಟು ಹಾಗೆ ಹೋಯಿತು.

ಕುದುರೆಯನ್ನು ಹಿಡಿದುಕೊಂಡು ಹೋಗಿ ಹೊಂಗೆಮರದ ಹತ್ತಿರ ನಿಂತು ಕೂಗಿದೆ. ಸೊಪ್ಪು ಹಾಕುತ್ತಿದ್ದ ಹೆಂಗಸಿನ ಮನೆಯಲ್ಲಿ ಹುಳು ಇದ್ದವು. ಬಾಗಿಲಿಗೆ ಬಂದು ಎಲ್ಲ ಕೇಳಿಸಿಕೊಂಡರು.

‘ಬುಟ್ಟೋಗಿ ಅದ್ಕೇನು. ತೋಟದಿಂದ ಸೊಪ್ಪಿನ ಹೊರೆ ಹೊತ್ಕಂಡು ಬತ್ತದೆ, ಬತ್ತಾ ಬತ್ತಾ ಅದ್ರಲ್ಲೇ ಒಸಿ ತಿನ್ಕತದೆ. ನಮ್ ಯಜಮಾನ್ರಿಗೂ ಮಂಡಿ ನೋವು.’

ನಾನು ಹೇಳತೊಡಗಿದೆ. ಹುರುಳಿ ಬೇಯಿಸಿದರೆ ಒರಳಲ್ಲಿ ತಿರುವಬೇಕು, ಕಟ್ಟು ಸಾರಿಗೆ ಬಸಿಯಬಾರದು, ಅದಕ್ಕೇ ಬೆರೆಸಬೇಕು. ತೌಡು ಒಣಗಿದ್ದು ಹಾಕಬಾರದು, ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ಹಿಂಡಿ ಅಂಗೈಯಷ್ಟೇ. ಎಲೆ ಹೆಚ್ಚಿ ಹಾಕಬೇಕು, ಕಡ್ಡಿ ಬೇಡ. ಅಷ್ಟು ದೂರದಿಂದ ಇಷ್ಟನ್ನೂ ಕೂಗಿ ಹೇಳುವಾಗ ನನ್ನ ದನಿ ನನಗೇ ವಿಚಿತ್ರವಾಗಿ ಕೇಳಿಸಿತು.

‘ಆಯ್ತು ಬುಡಿ. ಬಾಣ್ತಿಗೆ ಪಥ್ಯ ಹೇಳ್ದಂಗೆ ಹೇಳ್ತಾ ಅವ್ರೆ’ ಎಂದು ಒಳಗಿದ್ದ ಯಾರಿಗೋ ಹೇಳಿ ನಕ್ಕರು. ಒಳಗೂ ನಗು ಕೇಳಿಸಿತು.

ಮರಕ್ಕೆ ಕಟ್ಟಿ ಬಂದೆ. ಹೋಗುವಾಗ ಅದು ತಿರುಗಿ ನೋಡಿತೇ ಎಂದು ಜನ ಕೇಳುತ್ತಾರೆ. ಕೆಲವರಿಗೆ ನೋಡಿತು ಎಂದಿದ್ದೇನೆ. ಕೆಲವರಿಗೆ ತಲೆಯೆತ್ತದೆ ಸೊಪ್ಪು ತಿನ್ನುತ್ತಿತ್ತು ಎಂದಿದ್ದೇನೆ. ನಾನು ಹಿಂದಕ್ಕೆ ನೋಡದೆ ನಡೆದೆ, ಹಾಗಾಗಿ ಎರಡೂ ನನಗೆ ಕಂಡದ್ದಲ್ಲ.

ಚನ್ನಪಟ್ಟಣದಲ್ಲಿ ಜನ ನನ್ನನ್ನು ಕಂಡು ಓಡುತ್ತಿರಲಿಲ್ಲ. ನಿಲ್ಲುತ್ತಲೂ ಇರಲಿಲ್ಲ. ತಾಯಂದಿರು ಸಾಲಾಗಿ ಬರುತ್ತಿದ್ದರು, ತೋಳು ಮುಂದೆ ಮಾಡುತ್ತಿದ್ದರು, ಹೋಗುತ್ತಿದ್ದರು. ಕೊಠಡಿಯ ಕಿಟಕಿಯಿಂದ ಕಟ್ಟಿಗೆಯ ರಾಶಿಯೂ ಅದರಾಚೆ ಒಂದು ಗೋಡೆಯೂ ಕಾಣುತ್ತಿದ್ದವು. ಮೊದಮೊದಲು ಬೆಳಿಗ್ಗೆ ಎದ್ದ ಕೂಡಲೇ ಕೈ ಬಾಲ್ದಿಯ ಕಡೆ ಹೋಗುತ್ತಿತ್ತು. ಆಮೇಲೆ ಅದೂ ನಿಂತಿತು. ಊಟಕ್ಕೆ ಒಂದು ಮನೆಯಲ್ಲಿ ತಿಂಗಳಿಗಿಷ್ಟು ಎಂದು ವರ್ತನೆ ಮಾಡಿಕೊಂಡಿದ್ದೆ. ಅಲ್ಲಿ ಬಡಿಸುವವರು ಸಾಕೇ ಎಂದು ಕೇಳುತ್ತಿದ್ದರು, ನಾನು ಸಾಕು ಎನ್ನುತ್ತಿದ್ದೆ. ಕೆಲವು ದಿನ ಬಾಯಿಂದ ಹೊರಟ ಮಾತು ಅದೊಂದೇ.

ಕುದುರೆಯನ್ನು ನೋಡಿ ಬರಬೇಕೆಂದು ಹಲವು ಸಲ ಅಂದುಕೊಂಡೆ. ಯಾವಾಗ ಹೋಗುವುದು? ಬೇರೆ ಸೀಮೆಗಳಲ್ಲಿ ರೇಷ್ಮೆಗೆ ಒಂದು ಕಾಲವಿರುತ್ತದಂತೆ. ನಮ್ಮಲ್ಲಿ ಒಂದು ಬೆಳೆ ಮುಗಿಯುವುದರೊಳಗೆ ಇನ್ನೊಂದು. ಹುಳು ಇಲ್ಲದ ದಿನ ಯಾವುದೆಂದು ಚನ್ನಪಟ್ಟಣದಲ್ಲಿ ಕೂತವನಿಗೆ ತಿಳಿಯುವುದಿಲ್ಲ. ಬರೆದು ಕೇಳೋಣವೆಂದರೆ ಓದುವವರಿಲ್ಲ. ಕೊನೆಗೆ ಒಂದು ರಜೆಯಲ್ಲಿ ಕ್ಲೋಸ್‌ಪೇಟೆಯವರೆಗೆ ರೈಲಿನಲ್ಲಿ ಹೋಗಿ, ಅಲ್ಲಿಂದ ಮಾಗಡಿ ರಸ್ತೆಯಲ್ಲಿ ನಡೆದೆ. ಮರದ ಬುಡದಲ್ಲಿ ಸೊಪ್ಪು ಇರಲಿಲ್ಲ. ಇರುವ ಕಾರಣವೂ ಇರಲಿಲ್ಲ. ಬಾಗಿಲು ತೆರೆದಿತ್ತು. ಕೂಗಿದೆ.

‘ಯಾರದು?’

‘ನಾನು, ದಾಕಿನವನು.’

‘ಹುಳ ಹಣ್ಣಾಗವೆ ಸೋಮಿ, ಗೂಡಿಗೆ ಬಿಡ್ತಾ ಇದ್ದೀವಿ. ಬರಬ್ಯಾಡಿ, ದಮ್ಮಯ್ಯ.’

‘ಬರೋದಿಲ್ಲಮ್ಮ. ಕುದುರೆ ಹೇಗಿದೆ?’

ಉತ್ತರ ತಡವಾಗಿ ಬಂತು. ಹುಳು ಆರಿಸುತ್ತಿದ್ದವರಿಗೆ ಬಿಡುವಿಲ್ಲದೆ ತಡವಾಗಿರಬಹುದು.

‘ಐತೆ, ಐತೆ.’

‘ತಿನ್ನುತ್ತಾ? ಮೈ ಹೇಗಿದೆ?’

‘ಚೆಂದಾಗೈತೆ. ನೀವೇನೂ ಯೋಚ್ನೆ ಮಾಡಬ್ಯಾಡಿ, ಹೋಗಿ ಬನ್ನಿ.’

‘ಎಲ್ಲಿ ಕಟ್ಟಿದ್ದೀರಿ?’

‘ತೋಟದ ತಾವ.’

ತೋಟ ಊರಿನ ಆಚೆ ಬದಿಗೆ. ಅಲ್ಲಿಗೆ ಹೋಗಬೇಕಾದರೆ ಮನೆಗಳ ನಡುವೆಯೇ ದಾರಿ, ಪ್ರತಿ ಮನೆಯಲ್ಲೂ ಹಣ್ಣಾದ ಹುಳು. ಅಷ್ಟು ದಿನ ಹುಳು ತಿಂದು ಬಿಟ್ಟದ್ದನ್ನು ನನ್ನ ಕುದುರೆಗೆ ಹಾಕಿದವರ ಬೆಳೆಯ ಮೇಲೆ ನನ್ನ ನೆರಳು ಬೀಳಿಸಿಕೊಂಡು ಹೋಗಲು ಕಾಲು ಏಳಲಿಲ್ಲ. ನೆರಳಿನಲ್ಲಿ ನನಗೆ ನಂಬಿಕೆ ಇರಲಿಲ್ಲ. ಅವರಿಗಿತ್ತು. ಮರದ ಬುಡದಲ್ಲಿ ಕೂತೆ. ಸಂಜೆಯ ಸೊಪ್ಪಿನ ಹೊರೆ ಬರುವ ಹೊತ್ತಿಗೆ ಕುದುರೆ ಕಂಡೇ ಕಾಣುತ್ತದೆ ಎಂದು ಕಾದೆ. ಹೊತ್ತು ವಾಲಿದಾಗ ಸಾಲುಮನೆಗಳ ಕೊನೆಯಲ್ಲಿ ಒಬ್ಬ ಗಂಡಸು ತಲೆಯ ಮೇಲೆ ಹೊರೆ ಹೊತ್ತುಕೊಂಡು, ಒಂದು ಕಾಲು ಎಳೆಯುತ್ತ ಬಂದು ಆ ಮನೆಯೊಳಗೆ ಹೋದರು. ಹಿಂದೆ ಏನೂ ಬರಲಿಲ್ಲ.

ಹುಳು ಹಣ್ಣಾದ ಮೇಲೆ ಸೊಪ್ಪು ಹೆಚ್ಚು ಬೇಕಾಗುವುದಿಲ್ಲ, ಸಣ್ಣ ಹೊರೆ, ಅದಕ್ಕೆ ಕುದುರೆ ಯಾಕೆ? ಅಥವಾ ಮುದಿ ಪ್ರಾಣಿಗೆ ಹೊರೆ ಹೊರಿಸುವುದನ್ನು ಅವರೇ ನಿಲ್ಲಿಸಿರಬಹುದು. ಅಥವಾ ಐತೆ ಎಂದದ್ದು, ಅಷ್ಟು ದೂರ ನಡೆದು ಬಂದವನು ಸಮಾಧಾನದಿಂದ ಮರಳಿ ನಡೆದು ಹೋಗಲಿ ಎಂದಿರಬಹುದು. ನಾನು ಮತ್ತೆ ಕೂಗಿ ಕೇಳಲಿಲ್ಲ. ರೈಲಿಗೆ ಹೊತ್ತಾಗಿತ್ತು.

ಮುಂದಿನ ವರ್ಷ ನನ್ನನ್ನು ಕಾನಕಾನಹಳ್ಳಿಗೆ ಹಾಕಿದರು, ಈಗಿನ ಕನಕಪುರ. ಆ ದಾರಿ ಮತ್ತೆ ಸಿಗಲಿಲ್ಲ. ಆ ಸಂಜೆ ಕುದುರೆ ಬದುಕಿತ್ತೋ ಇಲ್ಲವೋ ನನಗೆ ಗೊತ್ತಿಲ್ಲ.